ಮೆಗ್ನೀಸಿಯಮ್ ಎಂಜಿನ್ನಿನಲ್ಲಿ ಮುರಿದ ಬೋಲ್ಟು

ಮೊದಲು ಹಳದಿ ದೀಪ ಹೊತ್ತಿತು. ತಿರುವು ಮುಗಿಯುವಷ್ಟರಲ್ಲಿ ಕೆಂಪಾಯಿತು. ಬಾನೆಟ್ಟಿನೊಳಗೆ ಫ್ಯಾನು ಪೂರ್ತಿ ವೇಗಕ್ಕೆ ಏರಿ ಅರಚತೊಡಗಿತು. ಆಕ್ಸಿಲರೇಟರ್ ಎಷ್ಟು ತುಳಿದರೂ ಕಾರು ಏರಲು ಒಲ್ಲೆ ಎಂದಿತು. ಚಾರ್ಮಾಡಿ ಘಾಟಿಯ ಏರುದಾರಿ, ಜುಲೈ ತಿಂಗಳ ಮಳೆ, ಹೆಡ್‌ಲೈಟಿನ ಬೆಳಕನ್ನು ನಾಲ್ಕು ಮಾರಿಗೇ ನುಂಗುವ ಮಂಜು. ಎಡಕ್ಕೆ ನೀರು ಸುರಿಯುವ ಬಂಡೆ, ಬಲಕ್ಕೆ ತಡೆಗೋಡೆ, ಅದರಾಚೆ ಏನೂ ಕಾಣದ ಪ್ರಪಾತ.

"ಮಾವ, ಹೀಟರ್ ಹಾಕಿ! ಪೂರ್ತಿ ಬಿಸಿಗೆ ಇಡಿ!" ಪಕ್ಕದಲ್ಲಿದ್ದ ಅಕ್ಕನ ಮಗ ಕೂಗಿದ.

ಹಳೆಯ ಕಾರುಗಳಲ್ಲಿ ಇದು ಪ್ರಾಣ ಉಳಿಸುವ ಉಪಾಯ. ಹೀಟರ್ ಹಾಕಿದರೆ ಎಂಜಿನ್ನಿನ ಬಿಸಿ ಸ್ವಲ್ಪ ಒಳಕ್ಕೆ ಬಂದು ಚೆಲ್ಲುತ್ತದೆ. ಹಾಕಿದೆ. ಬಂದದ್ದು ತಣ್ಣನೆಯ ಗಾಳಿ. ಆಗಲೇ ಎಲ್ಲ ಗೊತ್ತಾಯಿತು. ನೀರು ಹರಿಯುತ್ತಲೇ ಇಲ್ಲ. ಪಂಪು ನಿಂತಿದೆ. ಇನ್ನೊಂದು ತಿರುವಿನಷ್ಟು ಓಡಿಸಿದರೂ ಎಂಜಿನ್ನಿನ ಹೆಡ್ಡು ಬಾಗುತ್ತದೆ.

ರಸ್ತೆ ತುಸು ಅಗಲವಾದ ಕಡೆ ಬಂಡೆಯ ಬದಿಗೆ ಸರಿಸಿ ಎಂಜಿನ್ ಆರಿಸಿದೆ. ನಾಲ್ಕೂ ದೀಪ ಮಿನುಗಿಸಿ, ಹಿಂದೆ ತ್ರಿಕೋನ ಇಟ್ಟು, ಇಬ್ಬರೂ ಕಾರಿನಿಂದ ದೂರ ಸರಿದು ನಿಂತೆವು. 2019ರ ಆಗಸ್ಟಿನಲ್ಲಿ ಇದೇ ಘಾಟಿ ಸಾಲುಸಾಲಾಗಿ ಕುಸಿದು ರಸ್ತೆ ಮುಚ್ಚಿಹೋಗಿತ್ತು. ಅಂಥ ಜಾಗದಲ್ಲಿ ಮಳೆರಾತ್ರಿ ನಿಂತ ಕಾರಿನೊಳಗೆ ಕೂರುವ ಧೈರ್ಯ ಯಾರಿಗಿದೆ? ಮೇಲಿನಿಂದ ಒಂದು ಸಣ್ಣ ಕಲ್ಲು ಉರುಳಿ ಬಂದು ರಸ್ತೆ ದಾಟಿ ಕತ್ತಲಿಗೆ ಬಿತ್ತು. ತಳ ಮುಟ್ಟಿದ ಸದ್ದು ಕೇಳಲೇ ಇಲ್ಲ. ಮೊಬೈಲಿನಲ್ಲಿ ಸಿಗ್ನಲ್ಲಿನ ಒಂದು ಗೆರೆಯೂ ಇರಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಕೆಳಗಿನಿಂದ ಜೀಪೊಂದು ಬಂತು. ತರಕಾರಿ ಇಳಿಸಿ ಖಾಲಿ ಮರಳುತ್ತಿದ್ದ ಗಾಡಿ. ಚಾಲಕ ಒಂದು ಮಾತೂ ಕೇಳದೆ ಹಗ್ಗ ಎಳೆದ. ಬಂಪರಿನ ಚೌಕ ಮುಚ್ಚಳ ಕಿತ್ತು ಕೊಂಡಿ ತಿರುಗಿಸಿ ಹಾಕಿದೆವು. ಗೇರು ನ್ಯೂಟ್ರಲ್ಲಿಗೆ ಬಂತು. ಎಂಜಿನ್ ಇಲ್ಲದ ಕಾರಿಗೆ ಸ್ಟೀರಿಂಗಿನ ಸಹಾಯವಿಲ್ಲ, ಬ್ರೇಕಿಗೆ ಬೂಸ್ಟರ್ ಇಲ್ಲ. ಎರಡು ಸಲ ತುಳಿದ ಮೇಲೆ ಪೆಡಲ್ಲು ಕಲ್ಲಾಯಿತು. ಒಂದೊಂದು ತಿರುವಿನಲ್ಲೂ ಮೈಯ ಭಾರವನ್ನೆಲ್ಲ ಚಕ್ರದ ಮೇಲೆ ಹಾಕಿ ತಿರುಗಿಸುತ್ತ, ಹಗ್ಗ ಸಡಿಲವಾದರೆ ಎದೆ ಹಿಡಿದುಕೊಂಡು, ಬಿಗಿಯಾದರೆ ಉಸಿರು ಬಿಟ್ಟು, ಕೊಟ್ಟಿಗೆಹಾರ ಮುಟ್ಟಿದಾಗ ತೋಳುಗಳು ನಡುಗುತ್ತಿದ್ದವು. ಅಪಾಯ ಕಳೆಯಿತು ಎಂದುಕೊಂಡೆವು. ನಿಜವಾದ ಅಪಾಯ ಇನ್ನೂ ಶುರುವೇ ಆಗಿರಲಿಲ್ಲ.

ಈ ಕಾರಿನ ಒಳಗಿರುವುದು ಸಾಧಾರಣ ಎಂಜಿನ್ನಲ್ಲ. 2004ರಲ್ಲಿ ಬಿಎಂಡಬ್ಲ್ಯು ಹೊರತಂದ ಎನ್52, ಸಾಲಾಗಿ ಆರು ಸಿಲಿಂಡರು. 2007ರಲ್ಲಿ ಚೆನ್ನೈ ಬಳಿ ಆ ಕಂಪನಿಯ ಕಾರ್ಖಾನೆ ಶುರುವಾದ ಮೇಲೆ ಈ ಎಂಜಿನ್ನಿನ ಕಾರುಗಳು ನಮ್ಮ ರಸ್ತೆಗಳಲ್ಲೂ ಓಡಾಡತೊಡಗಿದವು. ಈಗ ಅವೆಲ್ಲ ಹಳೆಯವು, ಎರಡನೆಯ ಮೂರನೆಯ ಕೈಗೆ ಬಂದವು. ಎಂಜಿನ್ನಿನ ತೂಕ ಸುಮಾರು 161 ಕಿಲೋ ಅಷ್ಟೇ. ಆರು ಸಿಲಿಂಡರಿಗೆ ಇದು ಬಹಳ ಕಡಿಮೆ. ಗುಟ್ಟು ಇರುವುದು ಕ್ರ್ಯಾಂಕ್‌ಕೇಸಿನಲ್ಲಿ. ಸಿಲಿಂಡರುಗಳಿರುವ ಒಳಭಾಗ ಅಲ್ಯುಮಿನಿಯಂ, ಅದನ್ನು ಸುತ್ತುವರಿದು ಎರಕ ಹೊಯ್ದಿರುವುದು ಮೆಗ್ನೀಸಿಯಮ್ ಮಿಶ್ರಲೋಹ. ಒಂದು ಘನ ಸೆಂಟಿಮೀಟರ್ ಉಕ್ಕು 7.8 ಗ್ರಾಂ ತೂಗಿದರೆ ಅಲ್ಯುಮಿನಿಯಂ 2.7, ಮೆಗ್ನೀಸಿಯಮ್ ಬರೀ 1.7.

ಆದರೆ ಮೆಗ್ನೀಸಿಯಮ್ಮಿಗೆ ಉಕ್ಕಿನ ಸಂಗ ಆಗದು. ನಡುವೆ ನೀರು ಸೇರಿತೋ, ಅಲ್ಲೊಂದು ಪುಟ್ಟ ವಿದ್ಯುತ್ಕೋಶವೇ ಹುಟ್ಟುತ್ತದೆ. ವಿದ್ಯುದ್ವಿಭವದ ಪಟ್ಟಿಯಲ್ಲಿ ಮೆಗ್ನೀಸಿಯಮ್ ಮೈನಸ್ 2.37 ವೋಲ್ಟಿನಲ್ಲಿದೆ, ಕಬ್ಬಿಣ ಮೈನಸ್ 0.44ರಲ್ಲಿ. ಅಂತರ ಇಷ್ಟು ದೊಡ್ಡದಾದಾಗ ಮೆಗ್ನೀಸಿಯಮ್ ತಾನೇ ಕರಗಿ ಬಿಳಿ ಪುಡಿಯಾಗುತ್ತದೆ. ಅಲ್ಯುಮಿನಿಯಂ ಮೈನಸ್ 1.66ರಲ್ಲಿ, ಹತ್ತಿರದ ನೆಂಟ. ಅದಕ್ಕೇ ಈ ಎಂಜಿನ್ನಿನಲ್ಲಿ ಉಕ್ಕಿನ ಬದಲು ಅಲ್ಯುಮಿನಿಯಂ ಬೋಲ್ಟುಗಳು. ತಲೆಗೆ ನೀಲಿ ಬಣ್ಣ, ನಕ್ಷತ್ರದ ಆಕಾರ. ಮೊದಲು ಗೊತ್ತಾದಷ್ಟು ಬಲದಲ್ಲಿ ಬಿಗಿದು, ಆಮೇಲೆ ಗೊತ್ತಾದಷ್ಟು ಕೋನ ತಿರುಗಿಸಬೇಕು. ಆ ಕೊನೆಯ ತಿರುವಿನಲ್ಲಿ ಬೋಲ್ಟು ಎಳೆದುಕೊಂಡು, ಮತ್ತೆ ಹಿಂದಿನ ಉದ್ದಕ್ಕೆ ಬಾರದಷ್ಟು ಹಿಗ್ಗುತ್ತದೆ. ಹೀಗಾಗಿ ಅದರ ಬಾಳು ಒಂದೇ ಸಲದ್ದು. ಬಿಚ್ಚಿದರೆ ಎಸೆಯಬೇಕು.

ಹಿಂದೆ ಯಾವುದೋ ಗ್ಯಾರೇಜಿನಲ್ಲಿ ಈ ಪಂಪಿನ ಕೆಲಸ ಆಗಿತ್ತು. ಬೋಲ್ಟು ಮಾತ್ರ ಹಳೆಯವನ್ನೇ ಮತ್ತೆ ಬಿಗಿದಿದ್ದರು.

ಕೊಟ್ಟಿಗೆಹಾರದ ಗ್ಯಾರೇಜು ಎಂದರೆ ತಗಡಿನ ಮಾಡು, ನಡುವೆ ಇಳಿಯುವ ಗುಂಡಿ, ಹಿಂದೆ ಕಡಿದಾದ ಮಣ್ಣಿನ ದರೆ. ತೋಟದ ಜೀಪುಗಳಿಗೆ ಆಸ್ಪತ್ರೆ ಅದು. ಮೇಸ್ತ್ರಿ ಅರವತ್ತು ದಾಟಿದವರು. ಟಾರ್ಚ್ ಹಿಡಿದು ಕಾರಿನ ಕೆಳಗೆಲ್ಲ ನೋಡಿ ಬಂದರು. "ಪಂಪು ತರಿಸಿ ಮಾರಾಯ್ರೆ. ಕೂರಿಸೋದು ನನ್ನ ಜವಾಬ್ದಾರಿ." ಬೆಂಗಳೂರಿನ ಗೆಳೆಯನಿಗೆ ಹೋಟೆಲ್ಲಿನ ಫೋನಿನಿಂದ ಹೇಳಿದೆ: ಪಂಪು, ಕೂಲೆಂಟು, ಜೊತೆಗೆ ಹೊಸ ಅಲ್ಯುಮಿನಿಯಂ ಬೋಲ್ಟು. ರಾತ್ರಿ ಬಸ್ಸಿಗೆ ಹಾಕಿದ ಪಾರ್ಸೆಲ್ಲು ಬೆಳಗ್ಗೆ ಮೂಡಿಗೆರೆಯಲ್ಲಿ ಸಿಗುವುದೆಂದಾಯಿತು.

ಪಾರ್ಸೆಲ್ಲು ಬರುವ ಮೊದಲೇ ಹಳೆಯ ಪಂಪು ಬಿಚ್ಚಿಡೋಣ ಎಂದು ಮೇಸ್ತ್ರಿ ಬೆಳಕು ಹರಿಯುತ್ತಲೇ ಗುಂಡಿಗೆ ಇಳಿದರು. ಎಂಜಿನ್ನಿನ ಮುಂಭಾಗದ ಕೆಳಮೂಲೆಯಲ್ಲಿದೆ ಪಂಪು. ಅಡ್ಡ ಬಂದ ಕಂಬಿಯನ್ನು ಇಳಿಸಿದರೆ ಮೂರು ಬೋಲ್ಟು ಕಾಣುತ್ತವೆ. ಮೊದಲನೆಯದು ಬಂತು. ಎರಡನೆಯದೂ ಬಂತು. ಮೂರನೆಯದಕ್ಕೆ ಪಾನಾ ಕೊಟ್ಟು ಒತ್ತಿದರು. ಬಿಗಿ, ಬಿಗಿ, ಇನ್ನೂ ಬಿಗಿ. ಆಮೇಲೆ ಒಮ್ಮೆಗೇ ಬೆಣ್ಣೆಯೊಳಗೆ ತಿರುಗಿದಷ್ಟು ಮೆತ್ತಗೆ. ಉಕ್ಕಿನ ಬೋಲ್ಟು ಮುರಿದರೆ ಟಣ್ಣೆಂದು ಹೇಳಿ ಮುರಿಯುತ್ತದೆ. ಇದು ಸದ್ದೇ ಮಾಡಲಿಲ್ಲ. ನೀಲಿ ತಲೆ ಸಾಕೆಟ್ಟಿನಲ್ಲೇ ಉಳಿದು ಹೊರಬಂತು.

ಪಂಪು ಇಳಿಸಿ ಟಾರ್ಚ್ ಬಿಟ್ಟು ನೋಡಿದರೆ ತುಂಡು ಮೇಲೆ ಉಳಿದಿಲ್ಲ. ರಂಧ್ರದೊಳಗೆ ಎರಡು ಸುತ್ತಿನಷ್ಟು ಕೆಳಗೆ ಮುರಿದಿದೆ, ಓರೆಯಾಗಿ, ಸುತ್ತ ಬಿಳಿ ಪುಡಿ. ಪ್ಲೈಯರಿಗೆ ಹಿಡಿಯಲು ಏನೂ ಇಲ್ಲ.

ಮೇಸ್ತ್ರಿ ಮೇಲೆ ಬಂದರು. ಅವರ ಮುಖದಲ್ಲಿ ಗಾಬರಿ ಇರಲಿಲ್ಲ. "ಇಂಥವು ಜೀಪಿನಲ್ಲಿ ನೂರು ತೆಗ್ದಿದೀನಿ. ಏ ಹುಡುಗಾ, ಗ್ಯಾಸ್ ತಾ. ಕೆಂಪಗೆ ಕಾಯಿಸಿದ್ರೆ ತಾನಾಗೇ ಬರ್ತದೆ."

ಹುಡುಗ ಗ್ಯಾಸಿನ ಕೊಳವೆ ಎಳೆದು ತಂದ. ಚಕ್ಕೆಂದು ನೀಲಿ ಜ್ವಾಲೆ ಎದ್ದಿತು. ಅದು ಗುಂಡಿಯ ಅಂಚಿಗೆ ಬಂತು.

"ನಿಲ್ಸಿ! ಬೆಂಕಿ ಬೇಡ!" ನನ್ನ ಕೂಗಿಗೆ ಹುಡುಗ ಬೆಚ್ಚಿ ಹಿಂದೆ ಸರಿದ.

"ಯಾಕೆ ಮಾರಾಯ್ರೆ?"

"ಇದು ಕಬ್ಬಿಣ ಅಲ್ಲ ಮೇಸ್ತ್ರಿ. ಮೆಗ್ನೀಸಿಯಮ್. ಪುಡಿಗೆ ಬೆಂಕಿ ತಾಗಿದ್ರೆ ಪಟಾಕಿ ಮದ್ದು. ನೀರು ಹಾಕಿದ್ರೆ ಇನ್ನೂ ಉರಿಯುತ್ತೆ."

ದಪ್ಪ ಮೆಗ್ನೀಸಿಯಮ್ ಗಟ್ಟಿ ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ. ಬಿಸಿಯನ್ನು ಮೈತುಂಬ ಹಂಚಿಬಿಡುತ್ತದೆ. ಆದರೆ ತೆಳ್ಳನೆಯ ಚೂರು, ಪುಡಿ, ಅಂಚು ಬೇಗ ಹೊತ್ತುತ್ತವೆ. ಉರಿ ಸುಮಾರು 3000 ಡಿಗ್ರಿ ಮುಟ್ಟುತ್ತದೆ. ಮೇಲೆ ನೀರು ಸುರಿದರೆ ಆ ನೀರನ್ನೇ ಒಡೆದು ಹೈಡ್ರೋಜನ್ ಹೊರಬಿಡುತ್ತದೆ. ಅದಕ್ಕೆ ಒಣ ಮರಳೇ ಗತಿ. ಗುಂಡಿಯ ತಳದಲ್ಲಾಗಲೇ ಮಳೆನೀರು ಒಸರುತ್ತಿತ್ತು. ಮೇಸ್ತ್ರಿ ಮರುಮಾತಿಲ್ಲದೆ ಗ್ಯಾಸ್ ಆರಿಸಲು ಹೇಳಿದರು. ಹುಡುಗ ಒಳಗೆ ಬೆಚ್ಚಗಿದ್ದ ಒಣಮರಳಿನ ಬುಟ್ಟಿ ತಂದು ಪಕ್ಕಕ್ಕಿಟ್ಟ.

ಬೆಂಕಿ ಹಾಕಿದ್ದರೂ ಲಾಭವಿರುತ್ತಿರಲಿಲ್ಲ. ಅಲ್ಯುಮಿನಿಯಂ ಹೆಡ್ಡಿನಲ್ಲಿ ಉಕ್ಕಿನ ಬೋಲ್ಟು ಸಿಕ್ಕಿಕೊಂಡಾಗ ಕಾಯಿಸುವುದು ಏಕೆ? ಅಲ್ಯುಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ, ರಂಧ್ರ ದೊಡ್ಡದಾಗಿ ಬೋಲ್ಟನ್ನು ಬಿಡುತ್ತದೆ. ಒಂದು ಡಿಗ್ರಿಗೆ ಮೀಟರೊಂದರಲ್ಲಿ ಉಕ್ಕು ಹಿಗ್ಗುವುದು ಸುಮಾರು 12 ಮೈಕ್ರೋಮೀಟರ್, ಅಲ್ಯುಮಿನಿಯಂ 23. ಇಲ್ಲಿ ಬೋಲ್ಟು 23, ಬ್ಲಾಕು 26. ಎರಡೂ ಜೊತೆಜೊತೆಗೇ ಹಿಗ್ಗುತ್ತವೆ. ಜೀಪಿನ ವಿದ್ಯೆ ಇಲ್ಲಿ ನಡೆಯದು.

ಹಾಗಾದರೆ ಏನು ಮಾಡುವುದು? ಮೇಸ್ತ್ರಿ ಬೀಡಿ ಹಚ್ಚದೆ ಬೆರಳಲ್ಲೇ ತಿರುಗಿಸುತ್ತ ಯೋಚಿಸಿದರು. ಈಜಿ-ಔಟ್ ತರಿಸೋಣವೇ ಎಂದು ಹುಡುಗ ಕೇಳಿದ. ಅದೇ ದೊಡ್ಡ ಬಲೆ. ಗಟ್ಟಿ ಉಕ್ಕಿನ ಆ ಸುರುಳಿ ಕಡ್ಡಿ ಒಳಗೆ ಮುರಿದರೆ ಮೇಲೆ ಯಾವ ಡ್ರಿಲ್ಲೂ ಹೋಗದು. ಡ್ರಿಲ್ಲು ಓರೆಯಾದರೂ ಅಷ್ಟೇ. ಅಲ್ಯುಮಿನಿಯಂ ತುಂಡಿಗಿಂತ ಪಕ್ಕದ ಮೆಗ್ನೀಸಿಯಮ್ ಮೆತ್ತಗಿದ್ದರೆ ಡ್ರಿಲ್ಲಿನ ಮೊನೆ ಅತ್ತಲೇ ಜಾರುತ್ತದೆ. ಥ್ರೆಡ್ ಹೋಯಿತು, ಬ್ಲಾಕು ಹೋಯಿತು, ಎಂಜಿನ್ನೇ ಹೋಯಿತು.

ಆಗ ನೆನಪಾದ ಮಾತೊಂದು ನಮ್ಮನ್ನು ಉಳಿಸಿತು. ತಲೆ ಇರುವವರೆಗೆ ಬೋಲ್ಟು ಪಂಪನ್ನು ಎಳೆದು ಹಿಡಿದಿರುತ್ತದೆ. ಆ ಎಳೆತವೇ ಥ್ರೆಡ್ಡುಗಳನ್ನು ಕಚ್ಚಿ ನಿಲ್ಲಿಸುತ್ತದೆ. ತಲೆ ಹಾರಿತೋ, ಎಳೆತವೂ ಹೋಯಿತು. ಒಳಗೆ ಉಳಿದ ತುಂಡನ್ನು ಹಿಡಿದಿರುವುದು ಒಂದಿಷ್ಟು ಬಿಳಿ ಪುಡಿ ಮಾತ್ರ. ತಲೆಯನ್ನು ಮುರಿದ ಬಲದ ಒಂದು ಪಾಲು ಸಾಕು ಅದನ್ನು ಹೊರತರಲು. ಆ ಚೂರು ಬಲವನ್ನು ನಟ್ಟನಡುವೆ, ನೇರವಾಗಿ, ಹಿಮ್ಮುಖವಾಗಿ ಕೊಡಬೇಕು. ಕಷ್ಟವೆಲ್ಲ "ನೇರವಾಗಿ" ಎಂಬಲ್ಲೇ ಇದೆ.

ಮೇಸ್ತ್ರಿಯ ಕಣ್ಣು ಕೆಟ್ಟ ಪಂಪಿನ ಮೇಲೆ ಬಿತ್ತು. ಅದನ್ನು ಎತ್ತಿ ಬೋಲ್ಟು ಹಾಕುವ ಮೂರನೆಯ ತೂತಿನ ಮೇಲೆ ಕಿರುಬೆರಳು ಆಡಿಸಿದರು.

"ಇದನ್ನೇ ವಾಪಸ್ ಕೂರ್ಸೋಣ. ಉಳಿದ ಎರಡು ಬೋಲ್ಟಿನಿಂದ ಹಿಡಿಸೋದು. ಈ ತೂತಿಗೆ ಸರಿಯಾಗಿ ಒಂದು ಬುಷ್ ಹೊಡ್ಸಿ, ನಡುವೆ ಡ್ರಿಲ್ ಬಿಟ್ ಹೋಗುವಷ್ಟು ಸಣ್ಣ ದಾರಿ. ಎಲ್ಲಿಗೆ ಜಾರ್ತದೆ ನೋಡೇಬಿಡ್ತೀನಿ."

ಎದೆ ಹಾರಿತು. ಸತ್ತ ಪಂಪೇ ದಾರಿ ತೋರಿಸುವ ಅಚ್ಚು! ಕಾರ್ಖಾನೆಯವರು ತೂತು ಕೊರೆದದ್ದು ಯಾವ ನೇರದಲ್ಲೋ, ಬಿಟ್ಟೂ ಅದೇ ನೇರದಲ್ಲೇ ಹೋಗಬೇಕು. ಬೇರೆ ದಾರಿಯೇ ಇಲ್ಲ.

ಅಳಿಯ ಪಂಪನ್ನು ಮಡಿಲಲ್ಲಿಟ್ಟುಕೊಂಡು ಮೂಡಿಗೆರೆ ಬಸ್ಸು ಹತ್ತಿದ. ನಾನು ಮುರಿದ ತುಂಡಿಗೆ ತುಕ್ಕೆಣ್ಣೆ ಬಿಡುತ್ತ ಕುಳಿತೆ. ಮಳೆ ಜೋರಾಯಿತು. ಲೇತಿನಲ್ಲಿ ಹಿತ್ತಾಳೆಯ ಬುಷ್ ತಿರುಗಿಸಿಕೊಂಡು, ಬಸ್ಸಿನ ಪಾರ್ಸೆಲ್ಲೂ ಹೊತ್ತು ಅಳಿಯ ಮರಳುವಷ್ಟರಲ್ಲಿ ಮಧ್ಯಾಹ್ನ ಕತ್ತಲಾಗಿತ್ತು. ಮುಖದ ನೀರೊರೆಸಿಕೊಂಡು ಆತ ಹೇಳಿದ್ದು ಒಂದೇ ಮಾತು: "ಮಾವ, ದಾರೀಲಿ ಮರ ಬಿದ್ದಿದೆ. ಕರೆಂಟ್ ಕಂಬವೂ ಹೋಗಿದೆ."

ವಿದ್ಯುತ್ ಇಲ್ಲ. ಡ್ರಿಲ್ ಮೆಷಿನ್ ಸತ್ತು ಬಿದ್ದಿತು. ಗುಂಡಿಯಲ್ಲಿ ನೀರು ಕಣಕಾಲು ದಾಟಿತ್ತು. ಹಿಂದಿನ ದರೆಯಿಂದ ಕೆಂಪು ನೀರು ಇಳಿಯುತ್ತಿತ್ತು. ಮಲೆನಾಡಿನವರಿಗೆ ಆ ಬಣ್ಣ ಗೊತ್ತು. ದರೆಯಿಂದ ತಿಳಿನೀರು ಬಂದರೆ ಭಯವಿಲ್ಲ, ಕೆಸರು ಬಂದರೆ ಒಳಗಿನ ಮಣ್ಣು ಸಡಿಲವಾಗಿದೆ ಎಂದೇ ಲೆಕ್ಕ.

ಪಕ್ಕದ ಆಚಾರಿಯ ಮನೆಯಿಂದ ಕೈಬೈರಿಗೆ ಬಂತು, ಹಿಡಿ ತಿರುಗಿಸಿ ಕೊರೆಯುವ ಹಳೆಯ ಸಾಧನ. "ಒಳ್ಳೇದೇ ಆಯ್ತು. ಮೆಷಿನ್ ಓಡ್ತದೆ, ಇದು ಕೇಳ್ತದೆ," ಎಂದರು ಮೇಸ್ತ್ರಿ. ನಿಧಾನಕ್ಕೆ ತಿರುಗಿದರೆ ಬಿಸಿ ಏರದು, ಚೂರಿಗೆ ಬೆಂಕಿಯ ಮಾತಿಲ್ಲ.

ಅಳಿಯ ದರೆಯ ಕಡೆ ಟಾರ್ಚ್ ಹಿಡಿದು ಕಾವಲು ನಿಂತ. "ಅಲುಗಿದ್ರೆ ಕೂಗು, ನೋಡ್ತಾ ನಿಲ್ಬೇಡ," ಎಂದೆ. ನಾನು ಪಂಪನ್ನು ಒತ್ತಿ ಹಿಡಿದೆ. ಮೇಸ್ತ್ರಿ ನೀರಿನಲ್ಲಿ ನಿಂತು ಉದ್ದನೆಯ ಬಿಟ್ಟನ್ನು ಬುಷ್ಷಿಗೆ ಇಳಿಸಿ ಹಿಡಿ ತಿರುಗಿಸತೊಡಗಿದರು.

ಕಿರ್ರ್... ಕಿರ್ರ್... ಬೆಳ್ಳಿಬಣ್ಣದ ಎಳೆ ಸುರುಳಿ ಸುರುಳಿಯಾಗಿ ಹೊರಬಂತು. ಬೆರಳಿಗೆ ತೆಗೆದುಕೊಂಡು ನೋಡಿದೆವು. ಉದ್ದ, ಹೊಳಪು, ತುಂಡಾಗದ ಎಳೆ, ಅಲ್ಯುಮಿನಿಯಂ. ಪುಡಿಪುಡಿ ಚೂರು ಬಂದಿದ್ದರೆ ಬ್ಲಾಕು ಕೊರೆಯುತ್ತಿದ್ದೇವೆ ಎಂದರ್ಥ. ಮತ್ತೆ ಕಿರ್ರ್. ತುಸು ಒಳಕ್ಕೆ. ಮತ್ತೆ ಎಳೆ, ಮತ್ತೆ ಪರೀಕ್ಷೆ.

"ಮಾವ! ಹೊರಗೆ ಬನ್ನಿ!"

ಯೋಚಿಸಲು ಸಮಯವಿರಲಿಲ್ಲ. ಮೇಸ್ತ್ರಿಯ ತೋಳು ಹಿಡಿದೆಳೆದೆ. ಇಬ್ಬರೂ ಮೆಟ್ಟಿಲಿನ ಮೇಲೆ ಬಿದ್ದು ಎದ್ದು ಅಂಗಳಕ್ಕೆ ಓಡಿದೆವು. ಹಿಂದೆ ದೊಪ್ಪೆಂದಿತು. ಒಂದು ಗಾಡಿಯಷ್ಟು ಮಣ್ಣು ತಗಡಿನ ಹಿಂಗೋಡೆಗೆ ಬಂದು ಒರಗಿತ್ತು. ತಗಡು ಒಳಕ್ಕೆ ಉಬ್ಬಿ ನಿಂತಿತು. ಮುಂದೆ ಬರಲಿಲ್ಲ. ಕೈಬೈರಿಗೆ ಬುಷ್ಷಿನಲ್ಲೇ ನೇತಾಡುತ್ತಿತ್ತು.

ಕಾರನ್ನು ಅಲ್ಲೇ ಬಿಡುವುದೇ? ನಾಲ್ಕೂ ಜನ ಸೇರಿ ತಳ್ಳಿದೆವು. ಗುಂಡಿಯ ಎರಡೂ ಅಂಚಿನ ಮೇಲೆ ಚಕ್ರ ಉರುಳಿ ಕಾರು ಮುಂಬಾಗಿಲ ಮಾಡಿನ ಕೆಳಗೆ ಬಂತು. ದರೆ ಈಗ ದೂರ. ಇನ್ನು ಗುಂಡಿ ಇಲ್ಲ. ಜಾಕಿ ಏರಿಸಿ, ಚಕ್ರದಡಿ ಮರದ ದಿಮ್ಮಿ ಒಟ್ಟಿ, ಕೆಸರಿನಲ್ಲಿ ಗೋಣಿಚೀಲ ಹಾಸಿ ಮೇಸ್ತ್ರಿ ಅಂಗಾತ ಮಲಗಿದರು. ಆ ವಯಸ್ಸಿನಲ್ಲಿ, ಆ ಚಳಿಯಲ್ಲಿ, ಬೇಡ ಎಂದರೂ ಕೇಳಲಿಲ್ಲ. "ಅರ್ಧಕ್ಕೆ ಬಿಟ್ಟ ಕೆಲಸ ನಿದ್ದೆ ಕೊಡಲ್ಲ ಮಾರಾಯ್ರೆ."

ತೂತು ಸಾಕಷ್ಟು ಆಳವಾಯಿತು. ಪಂಪು ಇಳಿಸಿ ನೋಡಿದರೆ ಮುರಿದ ತುಂಡಿನ ನಟ್ಟನಡುವೆ ದುಂಡಗಿನ ಕಪ್ಪು ಚುಕ್ಕೆ. ಸುತ್ತ ಎಲ್ಲ ಕಡೆ ಒಂದೇ ಅಗಲದ ಬೆಳ್ಳಿ ಉಂಗುರ. ಆ ತೂತಿಗಿಂತ ಕೂದಲೆಳೆಯಷ್ಟು ದಪ್ಪದ ಟಾರ್ಕ್ಸ್ ಬಿಟ್ಟೊಂದನ್ನು ಸುತ್ತಿಗೆಯಿಂದ ಮೆಲ್ಲಗೆ ಬಡಿದು ಕೂರಿಸಿದರು. ಮೆದು ಅಲ್ಯುಮಿನಿಯಂ ಬಿಟ್ಟಿನ ಆರು ಏಣನ್ನು ಕಚ್ಚಿಕೊಂಡಿತು. ಪಾನಾ ಬೇಡವೆಂದು ಬರಿಯ ಬೆರಳ ಹಿಡಿಕೆ ಹಾಕಿದರು. ಹಿಮ್ಮುಖಕ್ಕೆ ಒತ್ತಿದರು. ಇಲ್ಲ. ಮುಂದಕ್ಕೆ ತುಸು, ಹಿಂದಕ್ಕೆ ತುಸು. ಎಣ್ಣೆ. ಮತ್ತೆ ಮುಂದೆ, ಹಿಂದೆ. ನಾವ್ಯಾರೂ ಉಸಿರಾಡಲಿಲ್ಲ.

"ಬಂತು."

ಕಾಲು ಸುತ್ತು. ಅರ್ಧ ಸುತ್ತು. ಬಿಳಿ ಪುಡಿ ಉದುರಿಸುತ್ತ, ಒಂದೊಂದೇ ಥ್ರೆಡ್ಡು ತೋರಿಸುತ್ತ, ತುಂಡು ಪೂರ್ತಿ ಹೊರಬಂದು ಮೇಸ್ತ್ರಿಯ ಅಂಗೈಗೆ ಬಿತ್ತು. ಅಳಿಯ ಮಳೆಯಲ್ಲೇ ಕುಣಿದ.

ರಂಧ್ರ ಒರೆಸಿ ನೋಡಿದೆವು, ಬ್ಲಾಕಿನ ಥ್ರೆಡ್ಡುಗಳು ಚೂಪಾಗಿ ಉಳಿದಿದ್ದವು. ಹೊಸ ಪಂಪು ಏರಿತು. ಪೊಟ್ಟಣ ಒಡೆದು ನೀಲಿ ತಲೆಯ ಹೊಸ ಬೋಲ್ಟುಗಳನ್ನು ಮೊದಲು ಬೆರಳಿನಿಂದ, ಆಮೇಲೆ ಡಿಕ್ಕಿಯಲ್ಲಿದ್ದ ಟಾರ್ಕ್ ರೆಂಚಿನಿಂದ, ಕೊನೆಗೆ ಕೋನದ ಗುರುತು ಹಾಕಿ ಬಿಗಿದೆವು. ಕೂಲೆಂಟು ತುಂಬಿಸಿದೆವು. ಇನ್ನೊಂದೇ ಪರೀಕ್ಷೆ ಉಳಿದಿತ್ತು. ಪಂಪಿನಲ್ಲಿ ಗಾಳಿ ಸಿಕ್ಕಿದ್ದರೆ ಮಾಡಿದ್ದೆಲ್ಲ ಮಣ್ಣುಪಾಲು. ಈ ಎಂಜಿನ್ನಿನ ಪಂಪು ಬೆಲ್ಟಿನಿಂದ ಓಡುವುದಲ್ಲ, ವಿದ್ಯುತ್ತಿನದು. ಎಂಜಿನ್ ಶುರು ಮಾಡದೆ ಇಗ್ನಿಷನ್ ಮಾತ್ರ ಹಾಕಿ, ಹೀಟರನ್ನು ಪೂರ್ತಿ ಬಿಸಿಗೆ, ಗಾಳಿಯನ್ನು ಕನಿಷ್ಠಕ್ಕೆ ಇಟ್ಟು, ಆಕ್ಸಿಲರೇಟರನ್ನು 10 ಸೆಕೆಂಡ್ ತುಳಿದು ಹಿಡಿದರೆ ಪಂಪು ತಾನೇ ಸುಮಾರು 12 ನಿಮಿಷ ಓಡಿ ಗಾಳಿ ಹೊರಹಾಕುತ್ತದೆ. ಗ್ಯಾರೇಜಿನಲ್ಲಿದ್ದ ಜೀಪೊಂದರ ಬ್ಯಾಟರಿಯನ್ನು ಜೊತೆಗೆ ಜೋಡಿಸಿ ತುಳಿದು ಹಿಡಿದೆ.

ಬಾನೆಟ್ಟಿನ ಕೆಳಗೆ ಗುಂಯ್ ಎಂದಿತು. ನೀರಿನ ಗುಳುಗುಳು. ಡಬ್ಬಿಯಲ್ಲಿ ಗುಳ್ಳೆ ಎದ್ದವು, ಕಡಿಮೆಯಾದವು, ನಿಂತವು. ಎಂಜಿನ್ ಶುರು ಮಾಡಿದೆ. ಆರೂ ಸಿಲಿಂಡರು ಒಂದೇ ಉಸಿರಿನಲ್ಲಿ ಎದ್ದು ಕೂತವು. ಹೀಟರಿನಿಂದ ಬಿಸಿಗಾಳಿ ಮುಖಕ್ಕೆ ಬಡಿಯಿತು! ಮೇಸ್ತ್ರಿ ಕೈ ಚಾಚಿ ಆ ಗಾಳಿಗೆ ಬೆರಳು ಕಾಯಿಸಿಕೊಂಡರು.

ಬಿದ್ದ ಮರ ತೆರವಾದ ಸುದ್ದಿ ಬಂದದ್ದೇ ಹೊರಟೆವು. ಬೇಲೂರು, ಹಾಸನ ದಾಟಿ ಬೆಂಗಳೂರು ಸೇರುವವರೆಗೂ ಒಂದು ದೀಪವೂ ಹೊತ್ತಲಿಲ್ಲ.

ಹಳೆಯ ಕಾರು ಇಟ್ಟುಕೊಂಡವರೆಲ್ಲರಿಗೂ ಇಂಥ ಗಳಿಗೆ ಒಂದಲ್ಲ ಒಂದು ದಿನ ಬರುತ್ತದೆ. ಬೋಲ್ಟಿನ ತಲೆ ಕೈಗೆ ಬಂದ ಕೂಡಲೇ ಎಂಜಿನ್ ಮುಗಿಯಿತು ಎಂದು ಕೂರಬೇಡಿ. ಮುಗಿಯುವುದು ಅದರ ಮುಂದಿನ ಅರ್ಧ ಗಂಟೆಯಲ್ಲಿ, ಗಾಬರಿಯ ಕೈ ಬೆಂಕಿಗೋ ಈಜಿ-ಔಟಿಗೋ ಓರೆ ಡ್ರಿಲ್ಲಿಗೋ ಚಾಚಿದಾಗ. ಪಾನಾ ಕೆಳಗಿಡಿ. ಬೋಲ್ಟು ಯಾವ ಲೋಹ, ಬ್ಲಾಕು ಯಾವ ಲೋಹ, ಒಳಗೆ ಉಳಿದ ತುಂಡನ್ನು ಈಗ ಹಿಡಿದಿರುವುದೇನು ಎಂದು ಮೊದಲು ತಿಳಿದುಕೊಳ್ಳಿ. ಬಿಚ್ಚುವ ಮೊದಲೇ ಹೊಸ ಬೋಲ್ಟು ತರಿಸಿಡಿ. ಹಳೆಯದನ್ನೇ ಹಾಕಿದರೆ ಸಾಕು ಎನ್ನುವ ಗ್ಯಾರೇಜಿನಿಂದ ಕಾರು ತಿರುಗಿಸಿಕೊಂಡು ಬನ್ನಿ. ಕೆಲವು ನೂರು ರೂಪಾಯಿಯ ಬೋಲ್ಟಿನಲ್ಲಿ ಉಳಿಸಿದ ಹಣಕ್ಕೆ ಮಳೆಯಲ್ಲಿ ಅಂಗಾತ ಮಲಗಿದ ಮುದಿಜೀವವೊಂದು ಬೆಲೆ ತೆರಬೇಕಾಗಿ ಬಂತು. ಮತ್ಯಾರಿಗೂ ಹಾಗಾಗದಿರಲಿ.